ಬೀಟೆಯ ಪಟ್ಟಿಯಲ್ಲಿ ಸ್ವರಸ್ಥಾನ

ಹೊನ್ನಾವರದಿಂದ ಶರಾವತಿಯ ದಂಡೆಯನ್ನು ಹಿಡಿದು ಮೂಡಣ ದಿಕ್ಕಿಗೆ ಸಾಗಿದರೆ, ತೆಂಗು ಅಡಿಕೆಗಳ ತೋಟಗಳು ಹಿಂದೆ ಸರಿದು, ಹೊಳೆಯ ಎರಡು ಮಗ್ಗುಲಿನಿಂದಲೂ ಘಟ್ಟದ ಕಾಡು ಒತ್ತಿ ಬರುವೆಡೆಯಲ್ಲಿ ಗೇರುಸೊಪ್ಪೆ ಸಿಗುತ್ತದೆ. ಕಾಳುಮೆಣಸಿನ ವ್ಯಾಪಾರದಿಂದಾಗಿ ಪೋರ್ಚುಗೀಸರ ನಡುವೆಯೂ ಹೆಸರು ಪಡೆದ ರಾಣಿ ಚೆನ್ನಭೈರಾದೇವಿಯ ನಾಡು ಇದು. ಅಂದಿನ ಐಶ್ವರ್ಯಕ್ಕೆ ಸಾಕ್ಷಿಯಾಗಿ ಚತುರ್ಮುಖ ಬಸದಿಯು ಇಂದಿಗೂ ಕಾಡಿನ ನಡುವೆ ನಿಂತಿದೆ. ಮೆಣಸಿನ ಕೀರ್ತಿಯ ಎದುರಿನಲ್ಲಿ ಈ ಘಟ್ಟಸಾಲಿನ ಇನ್ನೊಂದು ಸಂಪತ್ತು, ಅಂದರೆ ಬೀಟೆಮರ, ಸಾಮಾನ್ಯ ಓದುಗರ ಗಮನಕ್ಕೆ ಅಷ್ಟಾಗಿ ಬಂದಿಲ್ಲ. ಪಶ್ಚಿಮಘಟ್ಟದ ಬೀಟೆಯಿಂದ ಕೊಯ್ದ, ನಾಲ್ಕು ಬೆರಳಗಲದ, ಅರ್ಧ ಮೀಟರಿನಷ್ಟು ಉದ್ದದ ತೆಳು ಪಟ್ಟಿಗಳು ಇಂದು ನಾನಾ ದೇಶಗಳ ಗಿಟಾರುಗಳ ಕತ್ತಿನ ಮೇಲೆ ಕುಳಿತಿವೆ. ಆ ಪಟ್ಟಿಯಲ್ಲಿ ಇಪ್ಪತ್ತರ ಆಸುಪಾಸಿನ ಸಣ್ಣ ಸೀಳುಗಳನ್ನು ಕೊಯ್ಯಬೇಕಾಗುತ್ತದೆ. ಅದನ್ನು ವಿದ್ಯುತ್ತಿನಿಂದ ತಿರುಗುವ ಗರಗಸದಲ್ಲಿ ಕೊಯ್ಯುವ ಬಗೆಯೇ ಈ ಲೇಖನದ ವಿಷಯ. ಮರವು ಈ ಘಟ್ಟದ್ದು. ಗರಗಸವನ್ನು ತಿರುಗಿಸುವ ಶಕ್ತಿಯನ್ನು ಇದೇ ಹೊಳೆಗೆ ಗೇರುಸೊಪ್ಪೆಯಲ್ಲಿ ಕಟ್ಟಿರುವ ಅಣೆಕಟ್ಟು 240 ಮೆಗಾವಾಟಿನ ಸಾಮರ್ಥ್ಯದಿಂದ ನಾಡಿಗೆ ಒದಗಿಸುತ್ತಿದೆ. ಆದುದರಿಂದ ಈ ವಿಷಯವನ್ನು ಇಲ್ಲಿ ನಿಂತು ವಿಚಾರಿಸುವುದು ಅನುಚಿತವಾಗಲಾರದು.

ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡವಾಗಿ ಹೊಳೆಯುವ ಲೋಹದ ಗೆರೆಗಳಿಗೆ ಫ್ರೆಟ್ ಎಂದು ಹೆಸರು. ನಮ್ಮ ವೀಣೆಯಲ್ಲಿ ಮೆಟ್ಟಿಲುಗಳು ಮಾಡುವ ಕಾರ್ಯವನ್ನೇ ಅಲ್ಲಿ ಇವು ಮಾಡುತ್ತವೆ: ತಂತಿಯನ್ನು ಬೆರಳಿನಿಂದ ಒತ್ತಿದಾಗ ಅದು ಫ್ರೆಟ್ಟಿನ ನೆತ್ತಿಯನ್ನು ಮುಟ್ಟಿ, ಅಲ್ಲಿಂದ ಕುದುರೆಯವರೆಗಿನ ಭಾಗ ಮಾತ್ರ ಕಂಪಿಸಿ, ಒಂದು ನಿಶ್ಚಿತವಾದ ಸ್ವರವನ್ನು ಕೊಡುತ್ತದೆ. ಫ್ರೆಟ್ಟಿನ ತಂತಿಯನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ಮೇಲೆ ದುಂಡಗಿನ ತಲೆಯೂ, ಕೆಳಗೆ ಮರದೊಳಕ್ಕೆ ಇಳಿಯುವ ತೆಳು ನಾಲಗೆಯೂ, ಆ ನಾಲಗೆಯ ಇಕ್ಕೆಲಗಳಲ್ಲಿ ಮರವನ್ನು ಕಚ್ಚಿ ಹಿಡಿಯುವ ಪುಟ್ಟ ಮುಳ್ಳುಗಳೂ ಕಾಣುತ್ತವೆ. ನಾಲಗೆಯ ದಪ್ಪ ಹೆಚ್ಚುಕಡಮೆ ಅರ್ಧ ಮಿಲಿಮೀಟರು. ಅದಕ್ಕಾಗಿ ಕೊಯ್ಯುವ ಸೀಳಿನ ಅಗಲ ಸಾಮಾನ್ಯವಾಗಿ 0.58 ಮಿ.ಮೀ. ಸೀಳು ಇದಕ್ಕಿಂತ ತುಸು ಅಗಲವಾಯಿತೆಂದರೆ ಮುಳ್ಳುಗಳಿಗೆ ಹಿಡಿತ ಸಿಗದೆ ಫ್ರೆಟ್ ಮೇಲಕ್ಕೆದ್ದು ತಂತಿಯು ಗುಂಯ್‌ಗುಟ್ಟುತ್ತದೆ. ತುಸು ಕಿರಿದಾಯಿತೆಂದರೆ ಒಂದೊಂದು ಫ್ರೆಟ್ಟೂ ಬೆಣೆಯಾಗಿ ಮರವನ್ನು ಒತ್ತಿ, ಇಪ್ಪತ್ತು ಬೆಣೆಗಳ ಒತ್ತಡ ಒಟ್ಟುಗೂಡಿ, ಇಡೀ ಕತ್ತೇ ಹಿಂದಕ್ಕೆ ಬಾಗುತ್ತದೆ. ಎರಡಕ್ಕೂ ನಡುವೆ ಉಳಿಯುವ ಅವಕಾಶ ಕೂದಲೆಳೆಯಷ್ಟು ಮಾತ್ರ.

ವೀಣೆ ಮಾಡುವವರ ರೀತಿ ಇದಲ್ಲ. ಅಲ್ಲಿ ಜೇನುಮೇಣಕ್ಕೆ ಮಸಿ ಬೆರೆಸಿದ ಹಾಸಿನ ಮೇಲೆ ಇಪ್ಪತ್ತನಾಲ್ಕು ಮೆಟ್ಟಿಲುಗಳನ್ನು ಕೂರಿಸಿ, ತಂತಿಯನ್ನು ಮೀಟಿ, ಕಿವಿಗೊಟ್ಟು ಕೇಳಿ, ಮೇಣವನ್ನು ಬೆಚ್ಚಗೆ ಮಾಡಿ, ಒಂದೊಂದು ಮೆಟ್ಟಿಲನ್ನೂ ಮುಂದಕ್ಕೋ ಹಿಂದಕ್ಕೋ ಸರಿಸಿ, ಶ್ರುತಿಗೆ ಒಪ್ಪುವ ಸ್ಥಾನದಲ್ಲಿ ನಿಲ್ಲಿಸುವುದು ಸಂಪ್ರದಾಯ. ಇದಕ್ಕೆ ಮೇಳ ಕಟ್ಟುವುದೆನ್ನುತ್ತಾರೆ. ಬೇಸಗೆಯ ಕಾವಿಗೆ ಮೇಣ ಜರುಗಿತೆಂದರೆ ಮೇಳವನ್ನು ಮತ್ತೆ ಕಟ್ಟಬಹುದು. ವೈಣಿಕನ ಕಿವಿಗೆ ಅಂತರಗಾಂಧಾರವು ಹಿತವಾಗಿ ಕೇಳಿಸದಿದ್ದರೆ ಅದನ್ನೊಂದನ್ನೇ ತಿದ್ದಬಹುದು. ಸಿತಾರಿನಲ್ಲಿ ಕೂಡ ಮೆಟ್ಟಿಲುಗಳನ್ನು ದಾರದಿಂದ ಕಟ್ಟಿರುವುದರಿಂದ ರಾಗಕ್ಕೆ ತಕ್ಕಂತೆ ಜರುಗಿಸಲು ಅನುಕೂಲವಿದೆ. ಗಿಟಾರಿನ ಫ್ರೆಟ್ಟಿಗೆ ಈ ಭಾಗ್ಯವಿಲ್ಲ. ಮರವನ್ನು ಒಮ್ಮೆ ಸೀಳಿದ ಮೇಲೆ ಅಲ್ಲಿಯೇ ಅದರ ವಾಸ. ಹೀಗಾಗಿ ವೀಣೆಯಲ್ಲಿ ಕಿವಿಯು ಕಟ್ಟಕಡೆಗೆ ಮಾಡುವ ತೀರ್ಮಾನವನ್ನು ಗಿಟಾರಿನಲ್ಲಿ ಗಣಿತವು ಮೊಟ್ಟಮೊದಲಿಗೇ ಮಾಡಿ ಮುಗಿಸಬೇಕಾಗುತ್ತದೆ.

ಆ ಗಣಿತ ಕಠಿಣವಾದುದೇನಲ್ಲ. ಒಂದು ಸ್ಥಾಯಿಯನ್ನು ಹನ್ನೆರಡು ಸಮ ಅಂತರಗಳಾಗಿ ಭಾಗಿಸಬೇಕಾದರೆ, ಪ್ರತಿ ಮೆಟ್ಟಿಲಿಗೂ ತಂತಿಯ ಉಳಿದ ಉದ್ದವನ್ನು 17.817ರಿಂದ ಭಾಗಿಸಿ, ಬಂದಷ್ಟು ದೂರ ಮುಂದಕ್ಕೆ ನಡೆಯತಕ್ಕದ್ದು. ತಂತಿಯ ಉದ್ದ 650 ಮಿ.ಮೀ. ಆದಲ್ಲಿ, ಮೊದಲನೆಯ ಫ್ರೆಟ್ 36.48 ಮಿ.ಮೀ. ದೂರದಲ್ಲಿ ಬೀಳುತ್ತದೆ, ಹನ್ನೆರಡನೆಯದು ನಟ್ಟನಡುವೆ, 325ರಲ್ಲಿ, ಅಲ್ಲಿಂದ ಮುಂದೆ ಅಂತರಗಳು ಕಿರಿದಾಗುತ್ತ ಹೋಗಿ, ಹದಿನೆಂಟನೆಯದಕ್ಕೂ ಹತ್ತೊಂಬತ್ತನೆಯದಕ್ಕೂ ನಡುವೆ ಹದಿಮೂರು ಮಿಲಿಮೀಟರು ಸಹ ಉಳಿಯುವುದಿಲ್ಲ. ಖಗೋಳವಿಜ್ಞಾನಿ ಗೆಲಿಲಿಯೋನ ತಂದೆ ವಿಂಚೆಂಜೋ ಗೆಲಿಲಿ 1581ರಲ್ಲಿ ಅಚ್ಚಾದ ತನ್ನ ಸಂಗೀತಗ್ರಂಥದಲ್ಲಿ ಇದೇ ಕಾರ್ಯಕ್ಕೆ ಹದಿನೆಂಟರಿಂದ ಭಾಗಿಸುವ ಸುಲಭೋಪಾಯವನ್ನು ಹೇಳಿದ್ದನು. ಬಡಗಿಗಳು ಶತಮಾನಗಳ ಕಾಲ ಅದನ್ನೇ ಅನುಸರಿಸಿದರು. ಆದರೆ ಹದಿನೆಂಟರ ಲೆಕ್ಕದಲ್ಲಿ ಹನ್ನೆರಡನೆಯ ಫ್ರೆಟ್ 325ರ ಬದಲು 322.6ರಲ್ಲಿ ಬಂದು ನಿಲ್ಲುತ್ತದೆ. ಎರಡು ಮಿಲಿಮೀಟರಿಗೂ ಮಿಕ್ಕ ಈ ಕೊರತೆಯನ್ನು ಸುಶಿಕ್ಷಿತವಾದ ಯಾವ ಕಿವಿಯೂ ಕ್ಷಮಿಸಲಾರದು.

ಸಂಖ್ಯೆಗೂ ಸ್ವರಕ್ಕೂ ಇರುವ ಈ ನಂಟನ್ನು ನೆನೆಯುವಾಗ, ಗೇರುಸೊಪ್ಪೆಯ ದಾರಿಯಲ್ಲಿ ಹಾದುಹೋದ ಒಬ್ಬ ಪ್ರವಾಸಿಯ ಪ್ರಸ್ತಾಪವನ್ನು ಬಿಡಲು ಮನಸ್ಸು ಬಾರದು. ರೋಮಿನ ಪಿಯೆತ್ರೊ ದೆಲ್ಲ ವಾಲ್ಲೆ 1623ರ ನವೆಂಬರಿನಲ್ಲಿ, ಇಕ್ಕೇರಿಯ ವೆಂಕಟಪ್ಪನಾಯಕನ ಬಳಿಗೆ ಹೊರಟ ಪೋರ್ಚುಗೀಸ್ ನಿಯೋಗದ ಜೊತೆಗೂಡಿ, ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಬಂದು, ಅಲ್ಲಿಂದ ಘಟ್ಟವನ್ನು ಹತ್ತಿದನು. ಆ ಘಟ್ಟದ ದಾರಿಯ ದೇಗುಲವೊಂದರ ಜಗಲಿಯಲ್ಲಿ ನಾಲ್ವರು ಹುಡುಗರು ಮರಳು ಹರಡಿದ ನೆಲದ ಮೇಲೆ ಬೆರಳಿನಿಂದ ಅಂಕಿಗಳನ್ನು ಬರೆಯುತ್ತ, ಲೆಕ್ಕದ ಪಾಠವನ್ನು ರಾಗವಾಗಿ ಹಾಡಿ ಹಾಡಿ ಕಲಿಯುತ್ತಿದ್ದುದನ್ನು ಕಂಡು ಬೆರಗಾಗಿ, ತನ್ನ ಪತ್ರದಲ್ಲಿ ವಿವರವಾಗಿ ಬರೆದಿಟ್ಟಿದ್ದಾನೆ. ಈತನೇ ಮುಂದೆ ರೋಮಿಗೆ ಮರಳಿದ ಮೇಲೆ, ಪ್ರಾಚೀನ ಗ್ರೀಕರ ಸ್ವರಕ್ರಮಗಳನ್ನು ನುಡಿಸಲು ತಕ್ಕ ವಿಶೇಷ ವಾದ್ಯಗಳನ್ನು ಮಾಡಿಸಿ, ಸ್ವರಸ್ಥಾನಗಳ ವಿಚಾರದಲ್ಲಿ ಬಹಳ ಶ್ರಮಿಸಿದನೆಂಬುದು ಅವನ ಪ್ರವಾಸಕಥನವನ್ನು ಓದುವ ನಮ್ಮವರಿಗೆ ಅಷ್ಟಾಗಿ ತಿಳಿದಿಲ್ಲ.

ಕೈಗರಗಸದ ಕ್ರಮವನ್ನು ಸಂಕ್ಷೇಪವಾಗಿ ಹೇಳಿಬಿಡಬಹುದು. ಬೆನ್ನಿಗೆ ಹಿತ್ತಾಳೆಯ ದಪ್ಪ ಪಟ್ಟಿಯನ್ನು ಬಿಗಿದ ತೆಳ್ಳನೆಯ ಗರಗಸವೊಂದು, ಅದು ಅತ್ತಿತ್ತ ಓಲಾಡದಂತೆ ಲಂಬವಾಗಿ ಹಿಡಿದಿಡುವ ಮರದ ಪೆಟ್ಟಿಗೆಯೊಂದು, ಮೂಲೆಮಟ್ಟ, ಚೂಪಾದ ಚಾಕು, ಒಳ್ಳೆಯ ಅಳತೆಪಟ್ಟಿ: ಇಷ್ಟಿದ್ದರೆ ತಾಳ್ಮೆಯುಳ್ಳ ಬಡಗಿಯೊಬ್ಬನು ಒಂದು ಪಟ್ಟಿಯನ್ನು ನಿರ್ದೋಷವಾಗಿ ಸೀಳಬಲ್ಲನು. ಒಂದು ಎಚ್ಚರಿಕೆ ಮಾತ್ರ ಇಲ್ಲಿ ಮುಖ್ಯ. ಒಂದು ಫ್ರೆಟ್ಟಿನಿಂದ ಮುಂದಿನದಕ್ಕೆ ಅಳೆಯುತ್ತ ಹೋಗಬಾರದು. ಹಾಗೆ ಮಾಡಿದರೆ ಪ್ರತಿ ಹೆಜ್ಜೆಯ ಕಿರುದೋಷವೂ ಮುಂದಿನದಕ್ಕೆ ಸೇರಿ ಕೊನೆಯಲ್ಲಿ ದೊಡ್ಡದಾಗುತ್ತದೆ. ಎಲ್ಲ ಅಳತೆಗಳನ್ನೂ ತಂತಿಯ ಮೊದಲ ತುದಿಯಿಂದಲೇ ತೆಗೆಯತಕ್ಕದ್ದು. ಕೆಳಗಿನ ಫ್ರೆಟ್ಟುಗಳು ದೋಷವನ್ನು ಹೆಚ್ಚು ಬಯಲಿಗೆಳೆಯುತ್ತವೆ: ಮೊದಲನೆಯದು ಒಂದು ಮಿಲಿಮೀಟರು ತಪ್ಪಿದರೆ ಸ್ವರವು ಅರ್ಧಸ್ವರದ 35ನೆಯ ಒಂದು ಪಾಲಿನಷ್ಟು ಜಾರುತ್ತದೆ, ಹತ್ತೊಂಬತ್ತನೆಯದು ಅಷ್ಟೇ ತಪ್ಪಿದರೆ 12ನೆಯ ಒಂದು ಪಾಲಿನಷ್ಟು.

ಹತ್ತಾರು ಪಟ್ಟಿಗಳನ್ನು ಒಂದೇ ರೀತಿಯಾಗಿ ಕೊಯ್ಯಬೇಕಾದಾಗ ವಿದ್ಯುತ್ತಿನ ಗರಗಸಕ್ಕೆ ಕೈಹಾಕುವುದು ಸಹಜ. ನಮ್ಮ ಕರಾವಳಿಯ ಸಾಮಿಲ್ಲುಗಳಲ್ಲಿ ಮರ ಸೀಳುವ ಚಕ್ರಗರಗಸವನ್ನು ಎಲ್ಲರೂ ಕಂಡಿರುತ್ತಾರೆ; ಸಾಧಾರಣ ಬಡಗಿಯ ಮೇಜಿನ ಗರಗಸದ ಅಲಗು ಸಹ ಮರದಲ್ಲಿ ಎರಡೂವರೆಯಿಂದ ಮೂರು ಮಿಲಿಮೀಟರು ಅಗಲದ ದಾರಿಯನ್ನು ಬಿಡುತ್ತದೆ. ಫ್ರೆಟ್ಟಿಗೆ ಬೇಕಾದುದು ಅದರ ಐದರಲ್ಲೊಂದು ಪಾಲು. ಆದುದರಿಂದ ಈ ಕೆಲಸಕ್ಕೆಂದೇ ಆರು ಅಂಗುಲ ವ್ಯಾಸದ, ಕಾಗದದ ಕೆಲವೇ ಹಾಳೆಗಳಷ್ಟು ದಪ್ಪದ, ಒತ್ತಾದ ಸಣ್ಣ ಹಲ್ಲುಗಳ ಅಲಗು ಬೇರೆಯಾಗಿ ಬರುತ್ತದೆ. ಇಷ್ಟು ತೆಳುವಾದ ಉಕ್ಕು ತಿರುಗುವಾಗ ತಾನಾಗಿ ನೆಟ್ಟಗೆ ನಿಲ್ಲಲಾರದು. ಅದರ ಎರಡು ಪಕ್ಕಕ್ಕೂ ಅಗಲವಾದ ಲೋಹದ ಬಿಲ್ಲೆಗಳನ್ನಿಟ್ಟು ಬಿಗಿದು, ಹಲ್ಲಿನ ಅಂಚು ಸ್ವಲ್ಪವೇ ಹೊರಗೆ ಉಳಿಯುವಂತೆ ಮಾಡಬೇಕು. ಸೀಳಿನ ಆಳ ಮೂರು ಮಿಲಿಮೀಟರಿನ ಆಸುಪಾಸಿನದಾದುದರಿಂದ ಅಷ್ಟು ಅಂಚು ಧಾರಾಳವಾಗಿ ಸಾಕು.

ಇನ್ನು ಸ್ಥಾನನಿರ್ಣಯದ ಮಾತು. ಫ್ರೆಟ್ಟಿನ ಅಂತರಗಳಿಗೆ ಸರಿಯಾಗಿ ಅಂಚಿನಲ್ಲಿ ಕಚ್ಚುಗಳನ್ನು ಕೊರೆದ ಲೋಹದ ಮಾದರಿಪಟ್ಟಿಯೊಂದನ್ನು ಬೀಟೆಯ ಪಟ್ಟಿಗೆ ಎರಡು ಮುಖದ ಅಂಟುಪಟ್ಟಿಯಿಂದ ಅಂಟಿಸುತ್ತಾರೆ. ಗರಗಸದ ಮೇಜಿನ ಮೇಲೆ ಜಾರುವ ಹಲಗೆಯೊಂದಿರುತ್ತದೆ. ಅದರ ಬೆನ್ನಿನ ಗೋಡೆಯಲ್ಲಿ, ಅಲಗಿಗೆ ನೇರವಾಗಿ, ಒಂದು ಉಕ್ಕಿನ ಮೊಳೆ. ಮೊದಲ ಕಚ್ಚನ್ನು ಆ ಮೊಳೆಗೆ ಸಿಕ್ಕಿಸಿ, ಪಟ್ಟಿಯನ್ನು ಗೋಡೆಗೆ ಒತ್ತಿ ಹಿಡಿದು, ಹಲಗೆಯನ್ನು ಮುಂದಕ್ಕೆ ನೂಕಿದರೆ ಒಂದು ಸೀಳು ಮುಗಿಯಿತು. ಹಿಂದಕ್ಕೆ ಎಳೆದು, ಪಟ್ಟಿಯನ್ನು ಎತ್ತಿ, ಮುಂದಿನ ಕಚ್ಚನ್ನು ಸಿಕ್ಕಿಸಿ, ಮತ್ತೆ ನೂಕಬೇಕು. ಕೆಲವು ನಿಮಿಷಗಳಲ್ಲಿ ಇಡೀ ಪಟ್ಟಿ ಸಿದ್ಧವಾಗುತ್ತದೆ. ಅಳೆಯುವ ಕೆಲಸವೇ ಇಲ್ಲ. ಅಳತೆಯೆಲ್ಲ ಮಾದರಿಯಲ್ಲಿ ಅಡಗಿದೆ. ದೊಡ್ಡ ಕಾರ್ಖಾನೆಗಳಲ್ಲಿ ಒಂದೇ ದಂಡಕ್ಕೆ ಇಪ್ಪತ್ತಕ್ಕೂ ಮಿಕ್ಕ ಅಲಗುಗಳನ್ನು ಲೆಕ್ಕದ ಅಂತರಗಳಲ್ಲಿ ಪೋಣಿಸಿ, ಒಂದೇ ನೂಕಿಗೆ ಎಲ್ಲ ಸೀಳುಗಳನ್ನೂ ಕೊಯ್ದುಬಿಡುವ ಯಂತ್ರಗಳೂ ಉಂಟು. ಇತ್ತೀಚೆಗೆ ಗಣಕದ ಆಜ್ಞೆಯಂತೆ ಚಲಿಸುವ ಯಂತ್ರಗಳು ಸೂಜಿಯಂಥ ಕೊರೆಗಡ್ಡಿಯಿಂದ ಇದೇ ಕೆಲಸವನ್ನು ಮಾಡುತ್ತಿವೆ.

ಯಂತ್ರವು ಶ್ರಮವನ್ನು ಉಳಿಸುತ್ತದೆ, ನಿಜ. ಆದರೆ ಎಚ್ಚರವನ್ನು ಅದು ಉಳಿಸುವುದಿಲ್ಲ. ಎಚ್ಚರವನ್ನು ಕೆಲಸದ ಹೊತ್ತಿನಿಂದ ಸಿದ್ಧತೆಯ ಹೊತ್ತಿಗೆ ಕೊಂಡೊಯ್ಯುತ್ತದೆ. ಕೈಗರಗಸದವನು ಹದಿಮೂರನೆಯ ಸೀಳಿನಲ್ಲಿ ತಪ್ಪಿದರೆ ಒಂದು ಪಟ್ಟಿ ಕೆಡುತ್ತದೆ. ಯಂತ್ರದಲ್ಲಿ ಮೊಳೆಯಿರುವ ಗೋಡೆಯು ಅಲಗಿನ ರೇಖೆಗೆ ಲಂಬವಾಗಿಲ್ಲದೆ ಹೋದರೆ ಅಂದು ಕೊಯ್ದ ಪಟ್ಟಿಗಳೆಲ್ಲವೂ ಓರೆಯಾಗುತ್ತವೆ, ಒಂದೇ ಬಗೆಯಾಗಿ ಓರೆಯಾಗುವುದರಿಂದ ಒಂದನ್ನೊಂದು ಹೋಲಿಸಿ ನೋಡಿದರೂ ದೋಷ ಕಾಣಿಸುವುದಿಲ್ಲ. ಅಲಗಿನ ದಂಡವು ಒಂದು ಮಿಲಿಮೀಟರಿನ ಇಪ್ಪತ್ತನೆಯ ಪಾಲಿನಷ್ಟು ಅಡ್ಡಾಡಿದರೆ ಸೀಳಿನ ಅಗಲವು ಹತ್ತರಲ್ಲೊಂದು ಪಾಲಿನಷ್ಟು ಹೆಚ್ಚುತ್ತದೆ. ಮುಳ್ಳುಗಳ ಹಿಡಿತ ತಪ್ಪಲು ಅಷ್ಟು ಸಾಕು. ಇದನ್ನು ಕಣ್ಣು ಕಾಣಲಾರದು, ಮುಳ್ಳಿರುವ ಅಳತೆಯ ಗಡಿಯಾರವನ್ನು ಅಲಗಿಗೆ ತಾಗಿಸಿ ಕೈಯಿಂದ ಮೆಲ್ಲಗೆ ತಿರುಗಿಸಿ ನೋಡಬೇಕು. ಬೀಟೆಯನ್ನು ಮುಟ್ಟುವ ಮೊದಲು ಹಲಸು, ತೇಗಗಳಂಥ ಚೂರುಗಳ ಮೇಲೆ ಸೀಳು ಹಾಕಿ, ಫ್ರೆಟ್ಟನ್ನು ಬಡಿದು, ಕಿತ್ತು ನೋಡುವುದು ನನ್ನ ಮತದಲ್ಲಿ ಅನುಲ್ಲಂಘನೀಯವಾದ ನಿಯಮ.

ಕೆಲಸದ ಅನುಕ್ರಮವೂ ಯಂತ್ರದೊಡನೆ ಬದಲಾಗುತ್ತದೆ. ಗಿಟಾರಿನ ಕತ್ತು ಮೇಲೆ ಕಿರಿದು, ಕೆಳಗೆ ಅಗಲ. ಆದರೆ ಸೀಳು ಹಾಕುವಾಗ ಪಟ್ಟಿಯ ಎರಡು ಅಂಚುಗಳೂ ಸಮಾನಾಂತರವಾಗಿರಬೇಕು. ಓರೆಯ ಅಂಚನ್ನು ಗೋಡೆಗೆ ಒತ್ತಿದರೆ ಸೀಳು ನಡುಗೆರೆಗೆ ಲಂಬವಾಗಲಾರದು. ಆದುದರಿಂದ ಮೊದಲು ತೋಪಡದಿಂದ ಚೌಕ ಮಾಡುವುದು, ಬಳಿಕ ಸೀಳುವುದು, ಆಮೇಲೆ ಓರೆ ಕೊಡುವುದು, ಕಡೆಗೆ ಮೇಲ್ಮೈಯನ್ನು ಉಬ್ಬಿಸುವುದು. ಈ ಉಬ್ಬಿನಲ್ಲಿ ಒಂದು ಸೂಕ್ಷ್ಮವಿದೆ. 305 ಮಿ.ಮೀ. ತ್ರಿಜ್ಯದ ಉಬ್ಬನ್ನು 56 ಮಿ.ಮೀ. ಅಗಲದ ಪಟ್ಟಿಗೆ ಕೊಟ್ಟಾಗ ಎರಡು ಅಂಚುಗಳಲ್ಲಿ 1.3 ಮಿ.ಮೀ.ಯಷ್ಟು ಮರ ಸವೆದುಹೋಗುತ್ತದೆ. ಸಮತಲದಲ್ಲಿ ಕೊಯ್ದ ಸೀಳು ನಡುವೆ ಸಾಕಷ್ಟು ಆಳವಾಗಿದ್ದರೂ ಅಂಚಿನಲ್ಲಿ ಆಳ ಕಡಮೆಯಾಗಿ, ಫ್ರೆಟ್ಟಿನ ತುದಿಗಳು ಪೂರ್ತಿ ಇಳಿಯದೆ ನಿಲ್ಲುತ್ತವೆ. ಆ ಸವೆತವನ್ನು ಮುಂಗಂಡು ಆಳವನ್ನು ನಿಶ್ಚಯಿಸದವನು ಮತ್ತೆ ಕೈಗರಗಸವನ್ನೇ ಹಿಡಿಯಬೇಕಾಗುತ್ತದೆ.

ಅಪಾಯದ ಮಾತನ್ನು ಮರೆಯಲಾಗದು. ನಮ್ಮ 50 ಹರ್ಟ್ಸಿನ ವಿದ್ಯುತ್ತಿನಲ್ಲಿ ಮೋಟಾರು ನಿಮಿಷಕ್ಕೆ ಸುಮಾರು 2,880 ಸುತ್ತು ಹಾಕುತ್ತದೆ. ಆರು ಅಂಗುಲದ ಅಲಗಿನ ಅಂಚು ಸೆಕೆಂಡಿಗೆ 23 ಮೀಟರಿನ ವೇಗದಲ್ಲಿ ಓಡುತ್ತಿರುತ್ತದೆ. ಮರವನ್ನು ಪೂರ್ತಿ ಕೊಯ್ಯದೆ ಅರೆ ಆಳಕ್ಕೆ ಸೀಳುವ ಈ ಕೆಲಸದಲ್ಲಿ ಅಲಗಿನ ಮೇಲಿನ ಕಾಪು ಅನೇಕ ವೇಳೆ ಅಡ್ಡಬರುವುದರಿಂದ ತೆಗೆದಿಡುತ್ತಾರೆ. ಆಗ ಬೆರಳುಗಳನ್ನು ಕಾಯುವುದು ಪಟ್ಟಿಯನ್ನು ಒತ್ತಿಹಿಡಿಯುವ ಮರದ ಹಿಡಿಗಳು ಮತ್ತು ಕೆಲಸಗಾರನ ಅಭ್ಯಾಸ, ಇವೆರಡೇ. ಕೈಗವಸು ತೊಟ್ಟು ತಿರುಗುವ ಅಲಗಿನ ಬಳಿ ಹೋಗಲೇಬಾರದು. ಬೀಟೆಯ ಹುಡಿಯು ಚರ್ಮಕ್ಕೂ ಶ್ವಾಸಕ್ಕೂ ಕೆಡುಕು ಮಾಡುತ್ತದೆ, ಹಲವರಿಗೆ ತುರಿಕೆಯೇಳುತ್ತದೆ. ಮೂಗಿಗೆ ಕಾಪು, ಹುಡಿಯನ್ನು ಎಳೆದುಕೊಳ್ಳುವ ಕೊಳವೆ, ಇವಿಲ್ಲದೆ ಈ ಕೆಲಸಕ್ಕೆ ಇಳಿಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಬೀಟೆಯ ಸೂಕ್ಷ್ಮರಂಧ್ರಗಳಲ್ಲಿ ಸುಣ್ಣದಂಥ ಕಲ್ಮಷವಿರುವುದರಿಂದ ಹಲ್ಲುಗಳು ಬೇಗ ಮೊಂಡಾಗುತ್ತವೆ; ಮೊಂಡಾದ ಹಲ್ಲು ಮರವನ್ನು ಕೊಯ್ಯದೆ ಸುಡುತ್ತದೆ, ಸುಟ್ಟ ಸೀಳಿನಲ್ಲಿ ಅಂಟು ಹಿಡಿಯುವುದಿಲ್ಲ.

ಈ ಸೀಳುಗಳನ್ನು ಎಲ್ಲಿ ಕೊಯ್ಯಬೇಕು ಎಂಬ ಪ್ರಶ್ನೆ ಒಮ್ಮೆ ಎರಡು ದೇಶಗಳ ಕಾನೂನಿನ ಮೆಟ್ಟಿಲನ್ನೂ ಹತ್ತಿತು. 2011ರ ಆಗಸ್ಟ್ 24ರಂದು ಅಮೆರಿಕದ ಟೆನೆಸಿ ರಾಜ್ಯದಲ್ಲಿದ್ದ ಗಿಬ್ಸನ್ ಗಿಟಾರ್ ಕಾರ್ಖಾನೆಗಳನ್ನು ಕೇಂದ್ರ ಸರ್ಕಾರದ ಅಧಿಕಾರಿಗಳು ಶೋಧಿಸಿ, ಭಾರತದಿಂದ ಬಂದಿದ್ದ ಬೀಟೆ ಮತ್ತು ಕರಿಮರದ ಪಟ್ಟಿಗಳನ್ನು ವಶಪಡಿಸಿಕೊಂಡರು. ಬೇರೆ ದೇಶದ ಕಾನೂನನ್ನು ಮೀರಿ ತಂದ ಮರವನ್ನು ಕೊಳ್ಳುವುದು ಅಲ್ಲಿಯ ಲೇಸಿ ಕಾಯಿದೆಯ ಪ್ರಕಾರ ಅಪರಾಧ. ಭಾರತವು ಕೊಯ್ದ ದಪ್ಪ ಮರವನ್ನು ರಫ್ತು ಮಾಡಲು ಬಿಡುವುದಿಲ್ಲ, ತಯಾರಾದ ವಸ್ತುವನ್ನು ಬಿಡುತ್ತದೆ. ಹಾಗಾದರೆ ಸೀಳು ಹಾಕದ ಬರಿಯ ಪಟ್ಟಿಯು ಮರವೋ, ವಾದ್ಯದ ಭಾಗವೋ? 2012ರ ಆಗಸ್ಟಿನಲ್ಲಿ ನಡೆದ ರಾಜಿಯಲ್ಲಿ ಕಂಪನಿಯು ಮಡಗಾಸ್ಕರಿನಿಂದ ತರಿಸಿದ್ದ ಕರಿಮರದ ಇನ್ನೊಂದು ಪ್ರಕರಣಕ್ಕಾಗಿ ಮೂರು ಲಕ್ಷ ಡಾಲರುಗಳ ದಂಡವನ್ನು ತೆತ್ತಿತು; ಭಾರತದ ಪಟ್ಟಿಗಳ ವರ್ಗೀಕರಣದಲ್ಲಿ ಅಸ್ಪಷ್ಟತೆಯಿದೆಯೆಂದು ಎರಡು ಪಕ್ಷಗಳೂ ಒಪ್ಪಿಕೊಂಡವು, ಆ ಪಟ್ಟಿಗಳು ಕಂಪನಿಗೆ ಮರಳಿದವು. ಮುಂದೆ 2017ರ ಜನವರಿ 2ರಿಂದ ಬೀಟೆಯ ಕುಲಕ್ಕೆ ಸೇರಿದ ಮರಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣಕ್ಕೆ ಒಳಪಟ್ಟವು. 2019ರ ನವೆಂಬರ್ 26ರಿಂದ ಸಿದ್ಧವಾದ ವಾದ್ಯಗಳಿಗೂ ವಾದ್ಯಗಳ ಸಿದ್ಧ ಭಾಗಗಳಿಗೂ ವಿನಾಯಿತಿ ದೊರೆಯಿತು.

ಇದರಲ್ಲಿ ನಮಗೆ ವಿಚಾರಕ್ಕೆ ಗ್ರಾಸವಿದೆ. ಬೀಟೆಯು ಅಳಿವಿನ ಅಂಚಿಗೆ ಸರಿಯುತ್ತಿರುವ ಮರಗಳ ಪಟ್ಟಿಯಲ್ಲಿ ಸೇರಿದೆ. ಅದನ್ನು ಕಡಿಯಲೂ ಸಾಗಿಸಲೂ ಅರಣ್ಯ ಇಲಾಖೆಯ ಅನುಮತಿ ಬೇಕು, ಅದು ಹೆಚ್ಚಾಗಿ ಹರಾಜಿನಲ್ಲಿ ಕೈಬದಲಾಗುತ್ತದೆ. ಹಲವು ತಲೆಮಾರುಗಳ ಕಾಲ ಬೆಳೆದ ಮರದಿಂದ ಬಂದ ಪಟ್ಟಿಯನ್ನು ಬರಿಯ ಪಟ್ಟಿಯಾಗಿ ಕಳುಹಿಸಿಕೊಟ್ಟು, ಅದಕ್ಕೆ ಬೆಲೆ ತರುವ ಕೊನೆಯ ಕೌಶಲವನ್ನು ಹೊರಗಿನವರಿಗೆ ಬಿಟ್ಟುಕೊಡುವುದು ನನಗೆ ನ್ಯಾಯವಾಗಿ ತೋರುವುದಿಲ್ಲ. ಹೊನ್ನಾವರ, ಕುಮಟೆ, ಶಿರಸಿ, ಸಾಗರಗಳ ಗುಡಿಗಾರರು ಗಂಧದಲ್ಲಿಯೂ ದಂತದಲ್ಲಿಯೂ ಕೂದಲೆಳೆಯ ಗೆರೆ ಕೊರೆದು ಹೆಸರಾದವರು. ಮಿಲಿಮೀಟರಿನ ಹತ್ತನೆಯ ಪಾಲು ಅವರ ಕೈಗೆ ಹೊಸತಲ್ಲ. ಶ್ರುತಿಯ ಜ್ಞಾನವೂ ಈ ಕರಾವಳಿಯಲ್ಲಿ ಅಪರೂಪವಲ್ಲ: ಹಿಂದೂಸ್ತಾನಿ ಗಾಯನವನ್ನು ಮನೆಮನೆಯಲ್ಲಿ ಕಲಿಯುವ ಹಳ್ಳಿಗಳು ಇಲ್ಲಿವೆ, ಇಗರ್ಜಿಗಳ ಗಾಯನದಲ್ಲಿ ಗಿಟಾರು ಬಹುಕಾಲದಿಂದ ಪರಿಚಿತವಾಗಿದೆ. ಕೂಡಬೇಕಾದುದು ಯಂತ್ರದ ಶಿಸ್ತು ಒಂದೇ.

ಹವೆಯ ವಿಚಾರವೊಂದನ್ನು ಮಾತ್ರ ಇಲ್ಲಿಯವರು ಬೇರೆ ಊರಿನವರಿಗಿಂತ ಹೆಚ್ಚಾಗಿ ಲಕ್ಷಿಸಬೇಕು. ಮರವು ತೇವಕ್ಕೆ ಹಿಗ್ಗುವುದೂ ಒಣಹವೆಗೆ ಕುಗ್ಗುವುದೂ ಅಗಲದ ದಿಕ್ಕಿನಲ್ಲಿ. ಎಳೆಯ ಉದ್ದಕ್ಕೆ ಅದರ ಬದಲಾವಣೆ ಅತ್ಯಲ್ಪ. ಇದೇ ಕಾರಣದಿಂದ ಫ್ರೆಟ್ಟುಗಳ ನಡುವಿನ ಅಂತರ ಋತುಗಳು ಬದಲಾದರೂ ಕೆಡುವುದಿಲ್ಲ. ಗಣಿತವು ಮರದಲ್ಲಿ ಭದ್ರವಾಗಿ ಉಳಿಯುತ್ತದೆ. ಆದರೆ ಆಷಾಢದಲ್ಲಿ ಗೇರುಸೊಪ್ಪೆಯ ಗಾಳಿಯಲ್ಲಿ ನೀರು ತುಂಬಿರುವಾಗ ಕೊಯ್ದು, ಫ್ರೆಟ್ ಬಡಿದು, ಅಂಚು ಸವರಿ ಸಿದ್ಧಮಾಡಿದ ಪಟ್ಟಿಯು ಧಾರವಾಡಕ್ಕೋ ಬೆಂಗಳೂರಿಗೋ ಹೋಗಿ ಒಣಗಿದಾಗ, ಅಗಲದಲ್ಲಿ ಕುಗ್ಗುತ್ತದೆ. ಲೋಹ ಕುಗ್ಗುವುದಿಲ್ಲವಾದ್ದರಿಂದ ಫ್ರೆಟ್ಟಿನ ತುದಿಗಳು ಎರಡು ಪಕ್ಕಕ್ಕೂ ಚಾಚಿ, ನುಡಿಸುವವನ ಅಂಗೈಯನ್ನು ಗೀರುತ್ತವೆ. ಆದುದರಿಂದ ಮಳೆಗಾಲದ ನಾಲ್ಕು ತಿಂಗಳು ಮಾದರಿಪಟ್ಟಿ, ಅಲಗುಗಳ ಸಿದ್ಧತೆಗೂ ಕತ್ತಿನ ಒರಟು ಕೆತ್ತನೆಗೂ ಮೀಸಲಾಗಲಿ; ಬೀಟೆಯ ಪಟ್ಟಿಗಳು ಅಡ್ಡಗೋಲುಗಳ ಮೇಲೆ ಗಾಳಿಯಾಡುವಂತೆ ಪೇರಿಕೊಂಡು, ಕಾವಿರುವ ಒಣಕೋಣೆಯಲ್ಲಿ ಕಾದಿರಲಿ; ತೇವದ ಅಳತೆಯನ್ನು ಮೀಟರಿನಲ್ಲಿ ನೋಡಿ, ಅದು ಎಂಟು ಹತ್ತು ಶೇಕಡಕ್ಕೆ ಇಳಿದ ಮೇಲೆ, ಮಾಘದಿಂದ ಚೈತ್ರದವರೆಗಿನ ಒಣದಿನಗಳಲ್ಲಿ ಗರಗಸವನ್ನು ಚಾಲೂ ಮಾಡಿ ಸೀಳುವ ಕೆಲಸವನ್ನು ಮುಗಿಸಿಕೊಳ್ಳಬಹುದು.